ಪರ್ಸಿ, ಸುಣ್ಣ, ಸಿಮೆಂಟು

ನವೆಂಬರ್‌ನ ಒಂದು ಬೆಳಿಗ್ಗೆ. ನಾನು ಕ್ಲಿನಿಕ್ಕಿನ ಶಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಒಬ್ಬ ಮುತ್ಯಾ ಕೂತಿದ್ದರು. ತಲೆಗೆ ರುಮಾಲು, ಕೈಯಲ್ಲಿ ಗೊಬ್ಬರದ ಚೀಲ ಹೊಲಿದು ಮಾಡಿದ ಕೈಚೀಲ. ಪಕ್ಕದಲ್ಲಿ ಮೊಮ್ಮಗ. ಹುಡುಗ ತುಟಿ ಬಿಗಿ ಹಿಡಿದು ಕೂತಿದ್ದ. ಒಂಬತ್ತು ವರ್ಷದ ಹುಡುಗ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಾನೆ ಅಂದರೆ ಎರಡೇ ಕಾರಣ. ಒಂದು ನನ್ನ ಭಯ, ಇನ್ನೊಂದು ನಾಚಿಕೆ.

“ಯವ್ವಾ, ಇವನ ಮುಂದಿನ ಹಲ್ಲೊಂದು ಕಿತ್ತು ಒಗಿ. ಹನ್ನೊಂದರ ಬಸ್ಸಿಗೆ ಹೋಗಬೇಕು ನಾ. ತೊಗರಿ ಹೂವಿಗೆ ಬಂದದ, ಹುಳ ಬಿದ್ದದ. ಎಣ್ಣಿ ಹೊಡೀಬೇಕು.”

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯವರು. ಅಲ್ಲಿಂದ ಕಲಬುರಗಿಗೆ ಬರಲು ಎರಡು ಬಸ್ಸು ಬದಲಿಸಬೇಕು. ಹುಡುಗನ ಅಪ್ಪ ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಹಬ್ಬಕ್ಕೊಮ್ಮೆ ಬರುತ್ತಾರೆ. ಮಗ ಮುತ್ಯಾನ ಹತ್ತಿರ. ನಮ್ಮ ಕಡೆ ಇದೇನು ಹೊಸ ಕತೆಯಲ್ಲ.

ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದೆ. ಮೇಲಿನ ಮುಂದಿನ ಎರಡು ಹಲ್ಲಿನಲ್ಲಿ ಬಲಗಡೆಯದು ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಮೂಲೆ ಓರೆಯಾಗಿ ಮುರಿದಿತ್ತು. ಅದರ ಮೇಲೆ ವಸಡಿನಲ್ಲಿ ಸಜ್ಜೆ ಕಾಳಿನಷ್ಟು ಒಂದು ಗುಳ್ಳೆ. ಒತ್ತಿದರೆ ಒಂದು ಹನಿ ಕೀವು.

“ಯಾವಾಗ ಬಿದ್ದಿದ್ದಿ ತಮ್ಮಾ?”

ಉತ್ತರ ಮುತ್ಯಾನಿಂದ ಬಂತು. ಹೋದ ವರ್ಷ ಶ್ರಾವಣದಲ್ಲಿ. ಮಳೆ ಬಂದು ಮನೆ ಮುಂದಿನ ಪರ್ಸಿ ಕಲ್ಲಿನ ಮೆಟ್ಟಿಲು ತೊಯ್ದಿತ್ತು. ಹುಡುಗ ಓಡಿ ಬರುವಾಗ ಜಾರಿ ಬಾಯಿ ಕೆಳಗಾಗಿ ಬಿದ್ದ. ರಕ್ತ ಬಂತು, ಅರಿಶಿಣ ಒತ್ತಿದರು, ನಿಂತಿತು. ಹಲ್ಲಿನ ಮುರಿದ ಜಾಗದ ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕಿ ಕಾಣುತ್ತಿತ್ತಂತೆ. ಔಷಧಿ ಅಂಗಡಿಯಲ್ಲಿ ನೋವಿನ ಗುಳಿಗೆ ಕೊಟ್ಟರು. ನಾಲ್ಕು ದಿನಕ್ಕೆ ನೋವು ಹೋಯಿತು. ನೋವು ಹೋಯಿತು ಅಂದಮೇಲೆ ಹಲ್ಲು ಸರಿ ಹೋಯಿತು ಅಂತ ಎಲ್ಲರೂ ಸುಮ್ಮನಾದರು.

ಆ ಕೆಂಪು ಚುಕ್ಕಿಯ ಮಾತು ಕೇಳಿ ನನಗೆ ಹೊಟ್ಟೆ ಚುರುಕ್ ಅಂತು. ಅದು ಹಲ್ಲಿನ ಒಳಗಿನ ತಿರುಳು. ಜನ ಅದಕ್ಕೆ ನರ ಅನ್ನುತ್ತಾರೆ. ಆದರೆ ಅದರಲ್ಲಿ ನರವೂ ಇದೆ, ರಕ್ತನಾಳವೂ ಇದೆ, ಹಲ್ಲನ್ನು ಕಟ್ಟುವ ಜೀವಕೋಶಗಳೂ ಇವೆ. ಅವತ್ತೋ ಮರುದಿನವೋ ಬಂದಿದ್ದರೆ ಆ ಚುಕ್ಕಿಯ ಸುತ್ತ ಸುಮಾರು ಎರಡು ಮಿಲಿಮೀಟರ್ ತಿರುಳು ತೆಗೆದು, ಮೇಲೆ ಔಷಧಿ ಇಟ್ಟು ಮುಚ್ಚಿದ್ದರೆ ಸಾಕಿತ್ತು. ಸ್ವೀಡನ್ನಿನ ಮಿಯೋಮಿರ್ ಸ್ವೆಕ್ ಎಂಬ ವೈದ್ಯರು 1978ರಲ್ಲೇ ಈ ಚಿಕಿತ್ಸೆಯ ಫಲಿತಾಂಶ ಬರೆದಿಟ್ಟಿದ್ದಾರೆ. ಉಳಿದ ತಿರುಳು ಜೀವಂತ ಇರುತ್ತಿತ್ತು, ಹಲ್ಲು ತಾನಾಗಿ ಬೆಳೆಯುತ್ತಿತ್ತು. ಅರ್ಧ ಗಂಟೆಯ ಕೆಲಸ.

ಈಗ ಒಂದು ವರ್ಷ ಮೂರು ತಿಂಗಳು ಕಳೆದಿತ್ತು.

ಎಕ್ಸ್‌ರೇ ತೆಗೆಯುವ ಮೊದಲು ಒಂದು ಸಣ್ಣ ಕೆಲಸ ಮಾಡಿದೆ. ಗಟ್ಟಾಪರ್ಚಾ ಅಂತ ಒಂದು ಗುಲಾಬಿ ಬಣ್ಣದ ಕಡ್ಡಿ ಇದೆ. ಊದುಬತ್ತಿಗಿಂತ ಸಣ್ಣದು, ಬಾಗುತ್ತದೆ. ರೂಟ್ ಕೆನಾಲ್ ತುಂಬುವುದು ಅದರಲ್ಲೇ. ಅದರ ತುದಿಯನ್ನು ಆ ಗುಳ್ಳೆಯ ತೂತಿನೊಳಗೆ ಮೆಲ್ಲಗೆ ತಳ್ಳಿದೆ. ಹುಡುಗನಿಗೆ ಗೊತ್ತೇ ಆಗಲಿಲ್ಲ. ಹಾಗೇ ಎಕ್ಸ್‌ರೇ ತೆಗೆದರೆ ಕೀವು ಎಲ್ಲಿಂದ ಬರುತ್ತಿದೆ ಅಂತ ಕಡ್ಡಿಯೇ ಬೆರಳು ಮಾಡಿ ತೋರಿಸುತ್ತದೆ. ತೋರಿಸಿತು. ಬೂದಿ ಹಲ್ಲಿನ ಬೇರಿನ ತುದಿಗೇ ಹೋಗಿ ನಿಂತಿತ್ತು.

ಮುತ್ಯಾನನ್ನು ಕಂಪ್ಯೂಟರಿನ ಹತ್ತಿರ ಕರೆದೆ. ಅವರು ಚಾಳೀಸು ಏರಿಸಿ ಬಗ್ಗಿದರು.

“ಮುತ್ಯಾ, ಇದು ಅವನ ಎಡಗಡೆ ಹಲ್ಲು, ಇದು ಬಲಗಡೆ. ಏನು ಫರಕ್ ಅದ ನೋಡ್ರಿ.”

ಅವರು ತುಸು ಹೊತ್ತು ನೋಡಿದರು. “ಇದರ ಬೇರು ಉದ್ದ ಅದ. ಇದರದ್ದು ಮೊಂಡ.”

ಅಷ್ಟೇ ವಿಷಯ. ಹೊಲ ಮಾಡಿದ ಕಣ್ಣು, ಬೇರು ಅಂದರೆ ತಪ್ಪುವುದಿಲ್ಲ. ಮೇಲಿನ ಮುಂದಿನ ದೊಡ್ಡ ಹಲ್ಲು ಏಳೆಂಟು ವರ್ಷಕ್ಕೆ ಹುಟ್ಟುತ್ತದೆ. ನಾವು ಹುಟ್ಟಿತು ಅಂತ ಖುಷಿ ಪಡುತ್ತೇವೆ. ಆದರೆ ಅದರ ಬೇರು ಆಗಿನ್ನೂ ಅರೆಬರೆ. ಉದ್ದ ಆಗಿ, ಗೋಡೆ ದಪ್ಪ ಆಗಿ, ತುದಿ ಮುಚ್ಚಿಕೊಳ್ಳಲು ಮತ್ತೆ ಸುಮಾರು ಮೂರು ವರ್ಷ ಬೇಕು. ಆ ಕೆಲಸ ಮಾಡುವುದು ತಿರುಳು. ಅದು ನಡುವೆ ಸತ್ತರೆ ಕೆಲಸ ಅಲ್ಲಿಗೇ ನಿಂತಿತು. ಹುಡುಗನ ಎಡಗಡೆ ಹಲ್ಲು ಒಂಬತ್ತು ವರ್ಷದ್ದು. ಬಲಗಡೆಯದಕ್ಕೆ ಇನ್ನೂ ಎಂಟೇ ವರ್ಷ. ಬೇರಿನ ತುದಿ ಲಾಳಿಕೆ ಹಾಗೆ ಅಗಲವಾಗಿ ಬಾಯಿ ಬಿಟ್ಟಿತ್ತು. ಗೋಡೆ ತೆಳ್ಳಗೆ. ತುದಿಯ ಸುತ್ತ ಎಲುಬು ಕರಗಿ ಕಪ್ಪು ನೆರಳು.

ದೊಡ್ಡವರ ಹಲ್ಲಿಗೆ ಮಾಡುವ ರೂಟ್ ಕೆನಾಲ್ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಬೇರಿನ ತುದಿ ಸೂಜಿ ತೂತಿನಷ್ಟು. ಗುಲಾಬಿ ಕಡ್ಡಿ ತಳ್ಳಿದರೆ ತುದಿಯಲ್ಲಿ ತಡೆದು ನಿಲ್ಲುತ್ತದೆ. ಇಲ್ಲಿ ತಡೆಯಲು ಏನೂ ಇಲ್ಲ. ತಳ ಇಲ್ಲದ ಕೊಡಕ್ಕೆ ನೀರು ಹಾಕಿದ ಹಾಗೆ.

ಮುತ್ಯಾನಿಗೆ ಇದೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ. “ಅದಕ್ಕೇ ಅಂದೀನಿ, ಕಿತ್ತು ಬಿಡು.”

ಕೀಳಲು ಎರಡು ನಿಮಿಷ ಸಾಕು. ಆಮೇಲೆ? ಇವನಿಗೆ ಒಂಬತ್ತು. ಇಂಪ್ಲಾಂಟ್, ಅಂದರೆ ಎಲುಬಿಗೇ ಕೂರಿಸುವ ಕೃತಕ ಹಲ್ಲು, ಹಾಕಬೇಕು ಅಂದರೆ ದವಡೆ ಬೆಳೆದು ಮುಗಿಯಬೇಕು. ಅಂದರೆ ಇನ್ನೂ ಹತ್ತು ವರ್ಷ, ಜಾಸ್ತಿಯೂ ಆಗಬಹುದು. ಅಷ್ಟರಲ್ಲಿ ಹಲ್ಲಿಲ್ಲದ ಜಾಗದ ಎಲುಬು ಕುಗ್ಗಿರುತ್ತದೆ. ಪಕ್ಕದ ಹಲ್ಲುಗಳು ವಾಲಿರುತ್ತವೆ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲಿನ ಸೆಟ್ಟು. ಆಡುವಾಗ ಬೀಳುತ್ತದೆ, ಶಾಲೆಯಲ್ಲಿ ನಗುತ್ತಾರೆ, ಒಂದು ದಿನ ಕಳೆದೇ ಹೋಗುತ್ತದೆ. ಸತ್ತ ಹಲ್ಲಾದರೂ ಸರಿ, ಎಲುಬಿನಲ್ಲಿ ನಿಂತಿರುವಷ್ಟು ದಿನ ಅದು ಜಾಗ ಕಾಯುತ್ತದೆ.

ಅಷ್ಟು ಹೇಳಿದ ಮೇಲೆ ಮುತ್ಯಾ ಹನ್ನೊಂದರ ಬಸ್ಸು ಬಿಟ್ಟರು.

ಇಲ್ಲಿ ನನ್ನ ಊರಿನ ಮಾತು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ನಮ್ಮ ಕಾಲ ಕೆಳಗೆ ಪೂರ್ತಿ ಸುಣ್ಣದ ಕಲ್ಲು. ಎಷ್ಟೋ ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು, ಅದರ ತಳದಲ್ಲಿ ಕೂತ ಕೆಸರೇ ಈ ಕಲ್ಲು ಅಂತ ಶಾಲೆಯಲ್ಲಿ ಮಾಸ್ತರು ಹೇಳಿದಾಗ ನಾವು ನಂಬಿರಲಿಲ್ಲ. ಮೇ ತಿಂಗಳಲ್ಲಿ ಶಹಾಬಾದಿಗೆ ಬಂದವರು ಯಾರೂ ನಂಬುವುದಿಲ್ಲ ಬಿಡಿ. ಆ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಅದೇ ಪರ್ಸಿ. ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಮನೆಯ ನೆಲ, ಕಟ್ಟೆ, ಮೆಟ್ಟಿಲು, ಬಟ್ಟೆ ಒಗೆಯುವ ಬಂಡೆ ಎಲ್ಲಾ ಅದೇ. ಅದೇ ಕಲ್ಲನ್ನು ಸುಟ್ಟು ನೀರು ಹಾಕಿ ಅರಳಿಸಿದರೆ ಸುಣ್ಣ. ಜೇಡಿಮಣ್ಣಿನ ಜೊತೆ ಅರೆದು ಬಟ್ಟಿಯಲ್ಲಿ ಹಾಕಿದರೆ ಸಿಮೆಂಟು. ವಾಡಿ, ಸೇಡಂ, ಮಳಖೇಡದ ಸುತ್ತ ಫ್ಯಾಕ್ಟರಿಗಳು ನಿಂತದ್ದು ಇದೇ ಕಲ್ಲಿಗಾಗಿ. ನನ್ನ ಅಪ್ಪ ಅಂಥ ಒಂದು ಫ್ಯಾಕ್ಟರಿಯ ಬಟ್ಟಿಯ ವಿಭಾಗದಲ್ಲಿ ದುಡಿದು ರಿಟೈರ್ ಆದವರು.

ಮುತ್ಯಾನ ಮೊಮ್ಮಗ ಬಿದ್ದದ್ದು ಪರ್ಸಿಯ ಮೇಲೆ. ಅವನ ಹಲ್ಲು ಉಳಿಸಲು ನನ್ನ ಹತ್ತಿರ ಇರುವುದು ಸುಣ್ಣ ಮತ್ತು ಸಿಮೆಂಟು. ತಮಾಷೆಗೆ ಹೇಳುತ್ತಿಲ್ಲ.

ಮೊದಲು ಸುಣ್ಣದ ಕತೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದರೆ ಅರಳಿದ ಸುಣ್ಣ. ಎಲೆ ಅಡಿಕೆಗೆ ಹಚ್ಚುವ ಸುಣ್ಣದ್ದೇ ಜಾತಿ, ಶುದ್ಧ ರೂಪ. ಅದರ ಖಾರಕ್ಕೆ ರೋಗಾಣುಗಳು ತಡೆಯುವುದಿಲ್ಲ. ಜರ್ಮನಿಯ ಹರ್ಮನ್ ಅನ್ನುವವರು 1920ರಲ್ಲಿ ಇದನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಬೇರು ಮುಗಿಯದ ಸತ್ತ ಹಲ್ಲಿನಲ್ಲಿ ಇದನ್ನು ತುಂಬಿಟ್ಟರೆ ತುದಿಯಲ್ಲಿ ಗಟ್ಟಿ ಪದರ ಬೆಳೆದು ಬಾಯಿ ಮುಚ್ಚುತ್ತದೆ ಅಂತ 1964ರಲ್ಲಿ ಕೈಸರ್, 1966ರಲ್ಲಿ ಫ್ರಾಂಕ್ ಎಂಬ ಅಮೆರಿಕದ ವೈದ್ಯರು ತೋರಿಸಿದರು. ಆಮೇಲೆ ಮೂವತ್ತು ವರ್ಷ ಜಗತ್ತೆಲ್ಲ ಅದನ್ನೇ ಮಾಡಿತು. ಅಪೆಕ್ಸಿಫಿಕೇಶನ್ ಅಂತ ಹೆಸರು.

ನಾನು ಓದುವಾಗ ಕಲಿತದ್ದೂ ಅದನ್ನೇ. ಮೂರು ತಿಂಗಳಿಗೊಮ್ಮೆ ಕರೆಸು, ಹಳೆ ಸುಣ್ಣ ತೊಳಿ, ಹೊಸದು ತುಂಬು, ಎಕ್ಸ್‌ರೇ ನೋಡು. ಆರು ತಿಂಗಳಿಗೂ ಮುಗಿಯಬಹುದು, ಒಂದೂವರೆ ವರ್ಷವೂ ಹಿಡಿಯಬಹುದು. ಕ್ಲಿನಿಕ್ ತೆಗೆದ ಹೊಸದರಲ್ಲಿ ಅಫಜಲಪುರ ಕಡೆಯ ಒಂದು ಹುಡುಗಿಗೆ ಹಾಗೇ ಮಾಡಿದೆ. ಹನ್ನೊಂದು ತಿಂಗಳು ಆ ತಾಯಿ ತಪ್ಪದೇ ಕರೆದುಕೊಂಡು ಬಂದರು. ನಾಲ್ಕು ಸಲ ಸುಣ್ಣ ಬದಲಿಸಿದೆ. ಎಕ್ಸ್‌ರೇಯಲ್ಲಿ ತುದಿಗೆ ಚಂದದ ಬಿಳಿ ಗೆರೆ ಕಟ್ಟುತ್ತಿತ್ತು. ಇನ್ನೊಂದೇ ಸಲ ಬನ್ನಿ, ಪೂರ್ತಿ ತುಂಬಿ ಮುಗಿಸೋಣ ಅಂದಿದ್ದೆ. ಅದಕ್ಕೂ ಮುಂಚೆ ಒಂದು ಭಾನುವಾರ ಫೋನ್ ಬಂತು. ಹುಡುಗಿ ಹೊಲದಲ್ಲಿ ಕಬ್ಬು ಕಚ್ಚಿದ್ದಳು. ಹಲ್ಲು ವಸಡಿನ ಮಟ್ಟಕ್ಕೆ ಟಕ್ ಅಂತ ಮುರಿದಿತ್ತು. ತಾಯಿ ಆ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಕೈಯಲ್ಲಿ ಹಿಡಿದು ನೋಡಿದೆ. ಒಳಗೆ ಟೊಳ್ಳು, ಗೋಡೆ ಮೊಟ್ಟೆಯ ಸಿಪ್ಪೆಯ ಹಾಗೆ.

“ಕಬ್ಬು ತಿನಬ್ಯಾಡ ಅಂತ ಹೇಳಿದ್ದಿಲ್ರಿ ನೀವು,” ಅಂದರು ಆ ತಾಯಿ. ಬೈಯಲಿಲ್ಲ. ಸುಮ್ನೆ ಹೇಳಿದರು. ಹೌದು, ನಾನು ಹೇಳಿರಲಿಲ್ಲ.

ಆದರೆ ಕಬ್ಬಿನದ್ದೇ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಹೋಗಿ ಓದಿದೆ. ಮೊದಲೇ ಓದಬೇಕಿತ್ತು. ಅದೇ ಸ್ವೆಕ್ 1992ರಲ್ಲಿ ಲೆಕ್ಕ ಕೊಟ್ಟಿದ್ದರು. ಸುಣ್ಣದ ಚಿಕಿತ್ಸೆ ಆದ ಹಲ್ಲುಗಳನ್ನು ನಾಲ್ಕು ವರ್ಷ ನೋಡಿದಾಗ, ಬೇರು ತೀರಾ ಕಡಿಮೆ ಬೆಳೆದಿದ್ದವುಗಳಲ್ಲಿ ನೂರಕ್ಕೆ 77 ಹಲ್ಲಿನ ಕುತ್ತಿಗೆಯಲ್ಲಿ, ಅಂದರೆ ವಸಡಿನ ಮಟ್ಟದ ಹತ್ತಿರ, ಮುರಿದಿದ್ದವು. ಜಾಸ್ತಿ ಬೆಳೆದಿದ್ದವುಗಳಲ್ಲಿ 28. ಡೆನ್ಮಾರ್ಕಿನ ಆಂಡ್ರಿಯಾಸನ್ ಮತ್ತು ಜೊತೆಗಾರರು 2002ರಲ್ಲಿ ಕುರಿಯ ಎಳೆ ಹಲ್ಲುಗಳಲ್ಲಿ ಸುಣ್ಣ ತುಂಬಿಟ್ಟು ಮುರಿದು ನೋಡಿದರು. ಸುಮಾರು ಒಂದು ವರ್ಷಕ್ಕೆ ಹಲ್ಲಿನ ಬಲ ಅರ್ಧಕ್ಕೆ ಇಳಿಯುತ್ತದೆ ಅಂತ ಬರೆದರು. ತಿಂಗಳುಗಟ್ಟಲೆ ಒಳಗಿಟ್ಟ ಸುಣ್ಣ ಹಲ್ಲಿನ ಗೋಡೆಯನ್ನೇ ಪೆಡಸು ಮಾಡುತ್ತದೆ. ನಾನು ಬಿಳಿ ಗೆರೆ ನೋಡಿ ಖುಷಿ ಪಡುತ್ತಿದ್ದ ಹನ್ನೊಂದು ತಿಂಗಳು ಗೋಡೆ ಸೊರಗುತ್ತಿತ್ತು.

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ನಕ್ಕಾಗ ಕೈ ಅಡ್ಡ ಹಿಡಿಯುತ್ತಾಳೆ.

ಈಗ ಸಿಮೆಂಟಿನ ಕತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಲಿಂಡಾ ವಿಶ್ವವಿದ್ಯಾಲಯ ಅಂತ ಇದೆ. ಅಲ್ಲಿನ ಮಹಮೂದ್ ತೊರಾಬಿನೆಜಾದ್ ಎಂಬ ಪ್ರೊಫೆಸರ್ ಮತ್ತವರ ತಂಡ 1993ರಲ್ಲಿ ಒಂದು ಹೊಸ ಪುಡಿಯ ಬಗ್ಗೆ ಬರೆದರು. ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್, ಚಿಕ್ಕದಾಗಿ ಎಂಟಿಎ. 1998ರಲ್ಲಿ ಅಮೆರಿಕದ ಔಷಧಿ ಇಲಾಖೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸುಮಾರು 75 ಭಾಗ ಪೋರ್ಟ್‌ಲ್ಯಾಂಡ್ ಸಿಮೆಂಟು, 20 ಭಾಗ ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್, 5 ಭಾಗ ಜಿಪ್ಸಂ.

ಮೊದಲ ಸಲ ಪೊಟ್ಟಣ ತರಿಸಿದಾಗ ಮನೆಗೆ ಒಯ್ದು ಅಪ್ಪನಿಗೆ ತೋರಿಸಿದೆ. ಅವರು ಚಿಟಿಕೆ ಪುಡಿ ಬೆರಳಲ್ಲಿ ಉಜ್ಜಿ ನೋಡಿದರು. ಮೂಸಿ ನೋಡಿದರು. ಒಂದು ಗ್ರಾಮಿಗೆ ಎಷ್ಟು ಕೊಟ್ಟೆ ಅಂತ ಹೇಳಿದೆ. ಆ ದುಡ್ಡಿಗೆ ಎಷ್ಟು ಚೀಲ ಬರುತ್ತದೆ ಅಂತ ಲೆಕ್ಕ ಹಾಕಿ ತುಂಬಾ ಹೊತ್ತು ನಕ್ಕರು. ಆಮೇಲೆ ಗಂಭೀರವಾಗಿ ಕೇಳಿದರು. “ಬಾಯಾಗ ಸದಾ ಹಸಿ ಇರ್ತದಲ್ಲ, ಅಲ್ಲಿ ಇದು ಹ್ಯಾಂಗ ಗಟ್ಟಿ ಆಗ್ತದ ಅಂತ ನಿಮ್ಮವರಿಗೆ ಅನುಮಾನ ಬಂದಿಲ್ಲೇನು?” ನಾನು ಉತ್ತರ ಹೇಳುವ ಮೊದಲೇ ಅವರೇ ಹೇಳಿದರು. “ಸಿಮೆಂಟ್ ಒಣಗಿ ಗಟ್ಟಿ ಆಗಂಗಿಲ್ಲ. ನೀರು ಕುಡಿದು ಗಟ್ಟಿ ಆಗ್ತದ.”

ಎಂಟಿಎ ಗೆದ್ದದ್ದೇ ಅದಕ್ಕೆ. ಹಲ್ಲಿಗೆ ತುಂಬುವ ಬೇರೆ ಬಹುತೇಕ ವಸ್ತುಗಳಿಗೆ ತೇವ ಕಂಡರೆ ಆಗುವುದಿಲ್ಲ. ಬೇರಿನ ತುದಿಯಲ್ಲಿ ರಕ್ತ, ನೀರು ಯಾವಾಗಲೂ ಇರುತ್ತದೆ. ಇದಕ್ಕೆ ಅದೇ ಬೇಕು. ಇನ್ನೊಂದು ಸಂಗತಿಯೂ ಇದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಅಂದರೆ ಸುಣ್ಣದ ಗುಣ ತುದಿಯ ಎಲುಬಿಗೆ ಸಿಗುತ್ತದೆ, ಆದರೆ ಹಲ್ಲಿನ ತುಂಬ ತಿಂಗಳುಗಟ್ಟಲೆ ಸುಣ್ಣ ತುಂಬಿಡುವ ಕೆಲಸ ಇಲ್ಲ. ತುದಿಯಲ್ಲಿ ನಾಲ್ಕೈದು ಮಿಲಿಮೀಟರ್ ಬಿರಡೆ ಕೂರಿಸಿದರೆ ಆಯಿತು.

ಒಂದು ಮಾತು. ಇದನ್ನು ಓದಿ ಯಾರೂ ಚೀಲದ ಸಿಮೆಂಟನ್ನೋ ಎಲೆಡಬ್ಬಿಯ ಸುಣ್ಣವನ್ನೋ ಹಲ್ಲಿಗೆ ತುಂಬಬೇಡಿ. ನಗಬೇಡಿ, ನನ್ನ ಹತ್ತಿರ ಸುಣ್ಣ ಮೆತ್ತಿಕೊಂಡು ವಸಡು ಸುಟ್ಟುಕೊಂಡು ಬಂದವರಿದ್ದಾರೆ. ಚೀಲದ ಸಿಮೆಂಟಿನಲ್ಲಿ ಭಾರ ಲೋಹಗಳಿರಬಹುದು, ಕಣ ದಪ್ಪ, ಶುದ್ಧವೂ ಅಲ್ಲ.

ಮತ್ತೆ ಹುಡುಗನ ಕಡೆಗೆ. ಇನ್ನೊಂದು ದಾರಿಯೂ ಇತ್ತು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿದ್ದದ್ದು ಅದರ ಮೇಲೆ. ಹಲ್ಲಿನ ಒಳಗನ್ನು ಔಷಧಿಯಿಂದ ಶುದ್ಧ ಮಾಡಿ, ಎರಡನೇ ಸಲ ಬಂದಾಗ ತುದಿಯ ಆಚೆ ಸೂಜಿಯಂಥ ಫೈಲಿನಿಂದ ಚುಚ್ಚಿ ಬೇಕಂತಲೇ ರಕ್ತ ಬರಿಸುವುದು. ಆ ರಕ್ತ ಹಲ್ಲಿನೊಳಗೆ ತುಂಬಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಇದೇ ಸಿಮೆಂಟಿನ ಮುಚ್ಚಳ. ಎಳೆ ಬೇರಿನ ತುದಿಯಲ್ಲಿ ಒಂದು ಮೆತ್ತನೆ ಮಾಂಸದ ಮುದ್ದೆ ಇರುತ್ತದೆ, ಅದರಲ್ಲಿ ಕಾಂಡಕೋಶಗಳಿವೆ, ಅಂದರೆ ಹೊಸ ಕೋಶ ಹುಟ್ಟಿಸುವ ಮೂಲ ಕೋಶಗಳು. ಕೀವು ತುಂಬಿದ್ದರೂ ಅವು ಎಷ್ಟೋ ಸಲ ಬದುಕಿರುತ್ತವೆ. ರಕ್ತದ ಜೊತೆ ಅವು ಒಳಗೆ ಬಂದರೆ ನಿಂತುಹೋದ ಬೇರು ಮತ್ತೆ ಬೆಳೆಯಬಹುದು. ಜಪಾನಿನ ಇವಾಯಾ ತಂಡ 2001ರಲ್ಲಿ, ಬ್ಯಾಂಕ್ಸ್ ಮತ್ತು ಟ್ರೋಪ್ 2004ರಲ್ಲಿ ಇಂಥ ಹಲ್ಲುಗಳ ಎಕ್ಸ್‌ರೇ ಪ್ರಕಟಿಸಿದಾಗ ನಮ್ಮ ವೃತ್ತಿಯವರು ಬೆರಗಾದರು. ಗೋಡೆ ದಪ್ಪ ಆಗಿತ್ತು, ಬೇರು ಉದ್ದ ಆಗಿತ್ತು. ಸಿಮೆಂಟಿನ ಬಿರಡೆ ಅದನ್ನು ಎಂದೂ ಮಾಡಲಾರದು. ಬಾಯಿ ಮುಚ್ಚುತ್ತದೆ ಅಷ್ಟೇ, ಗೋಡೆ ತೆಳ್ಳಗಿದ್ದದ್ದು ತೆಳ್ಳಗೇ.

ಬೀದರಿನಿಂದ ಬಂದ ಎಂಟು ವರ್ಷದ ಒಂದು ಹುಡುಗನಿಗೆ ಹೀಗೆ ಮಾಡಿದ್ದೆ. ವರ್ಷದೊಳಗೆ ಬೇರು ಬೆಳೆದದ್ದು ಕಣ್ಣಿಗೆ ಕಂಡಿತು. ಇನ್ನೊಬ್ಬಳಿಗೆ ಮಾಡಿದೆ, ಕೀವು ವಾಸಿಯಾಯಿತು, ಬೇರು ಒಂದು ಕೂದಲಿನಷ್ಟೂ ಅಲುಗಲಿಲ್ಲ. ಯಾವುದು ಬೆಳೆಯುತ್ತದೆ, ಯಾವುದು ಬೆಳೆಯುವುದಿಲ್ಲ ಅಂತ ಮೊದಲೇ ಹೇಳಲು ಬರುವುದಿಲ್ಲ. ಮೂರು ತಿಂಗಳು, ಆರು ತಿಂಗಳು, ವರ್ಷ, ಆಮೇಲೂ ವರ್ಷಕ್ಕೊಮ್ಮೆ ಬರಲೇಬೇಕು. ನಡುವೆ ಕೀವು ತಿರುಗಿ ಬಂದರೆ ಎಲ್ಲಾ ಬಿಚ್ಚಿ ಹೊಸದಾಗಿ ಶುರು.

“ಮುತ್ಯಾ, ಎಷ್ಟು ಸಲ ಬರಲಿಕ್ಕೆ ಆಗ್ತದ ನಿಮಗ?”

ಅವರು ಲೆಕ್ಕ ಹಾಕಿದರು. ಎಣ್ಣಿ ಹೊಡೆಯುವುದು, ಆಮೇಲೆ ಎಳ್ಳಮಾಸಿ, ತೊಗರಿ ಕೊಯ್ಲು, ರಾಶಿ. ಸಂಕ್ರಾಂತಿ ಆದಮೇಲೆ ಹುಡುಗನನ್ನು ಅಪ್ಪ ಬೆಂಗಳೂರಿಗೆ ಕರೆದೊಯ್ದರೂ ಒಯ್ಯಬಹುದು. “ಎರಡು ಸಲ ಬರ್ತೀವಿ ಯವ್ವಾ. ಮೂರನೇದು ದೇವರ ಇಚ್ಛಾ.”

ಪುಸ್ತಕದಲ್ಲಿ ಬೇರಿನ ಉದ್ದ ನೋಡಿ ಚಿಕಿತ್ಸೆ ಆರಿಸು ಅಂತ ಇದೆ. ನನ್ನ ಕ್ಲಿನಿಕ್ಕಿನಲ್ಲಿ ಬಸ್ಸಿನ ಟೈಮೂ ಆರಿಸುತ್ತದೆ. ಸಿಮೆಂಟಿನ ಬಿರಡೆ ಅಂತ ತೀರ್ಮಾನ ಮಾಡಿದೆ. ಇದು ಎರಡನೇ ದರ್ಜೆಯ ಚಿಕಿತ್ಸೆ ಅಂತ ನಾನು ಒಪ್ಪುವುದಿಲ್ಲ. ಬೇರು ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿಯೇ ಬೆಳೆದಿತ್ತು. ತಿರುಗಿ ಬರುವುದು ಗ್ಯಾರಂಟಿ ಇಲ್ಲದ ಮಗುವಿಗೆ ತಿರುಗಿ ಬರಲೇಬೇಕಾದ ಚಿಕಿತ್ಸೆ ಶುರು ಮಾಡುವುದು ತಪ್ಪು. ಅಫಜಲಪುರದ ಹುಡುಗಿಯ ಹಲ್ಲು ನನ್ನ ಡ್ರಾಯರಿನಲ್ಲಿ ಈಗಲೂ ಇದೆ.

ಹುಡುಗನ ಅಪ್ಪನ ಒಪ್ಪಿಗೆ ಬೇಕಿತ್ತು. ಮುತ್ಯಾ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಹಿಂದೆ ಮಿಕ್ಸರಿನ ಗುಡುಗುಡು ಸದ್ದು. ನಾನು ಎಲ್ಲಾ ಹೇಳಿದೆ. ಬೇರಿನ ತುದಿಗೆ ಒಂದು ರೀತಿಯ ಸಿಮೆಂಟ್ ಕೂರಿಸುತ್ತೇವೆ ಅಂದೆ.

“ಸಿಮೆಂಟ್ ಏನ್ರಿ?” ಅತ್ತ ಕಡೆ ತುಸು ಹೊತ್ತು ಮಿಕ್ಸರಿನ ಸದ್ದು ಮಾತ್ರ. “ಕ್ಯೂರಿಂಗ್ ಎಷ್ಟು ದಿನ ಮೇಡಂ? ನಾವು ಸ್ಲ್ಯಾಬಿಗೆ ಇಪ್ಪತ್ತೊಂದು ದಿನ ನೀರು ಹೊಡಿತೀವಿ.”

ಹದಿನೇಳು ವರ್ಷದ ಪ್ರಾಕ್ಟೀಸಿನಲ್ಲಿ ಇಷ್ಟು ಸರಿಯಾದ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಗಟ್ಟಿಯಾಗಲು ಮೂರು ನಾಲ್ಕು ತಾಸು ಸಾಕು, ಆದರೂ ಮೇಲೆ ಒದ್ದೆ ಹತ್ತಿ ಇಟ್ಟು ಮುಚ್ಚಿರುತ್ತೇನೆ ಅಂದೆ. “ಹಾಂ, ಗೋಣಿ ಚೀಲ ತೊಯ್ಸಿ ಹೊಚ್ಚಿದಂಗ,” ಅಂದ. ಒಪ್ಪಿಗೆ ಸಿಕ್ಕಿತು.

ಅವತ್ತು ಮಾಡಿದ್ದು ಶುದ್ಧ ಮಾಡುವ ಕೆಲಸ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಹಿಂದಿನಿಂದ ತೂತು ಕೊರೆದೆ. ಸತ್ತ ತಿರುಳಿನ ವಾಸನೆ ಮಾಸ್ಕಿನೊಳಗೂ ಬಂತು. ಇಂಥ ಹಲ್ಲಿನ ಗೋಡೆಯನ್ನು ಕೆರೆಯುವ ಹಾಗಿಲ್ಲ, ಇರುವುದೇ ಅಷ್ಟು. ಔಷಧಿಯಲ್ಲಿ ತೊಳೆದೇ ಶುದ್ಧ ಮಾಡಬೇಕು. ತೊಳೆಯುವುದು ಸೋಡಿಯಂ ಹೈಪೋಕ್ಲೋರೈಟಿನಿಂದ, ಬಟ್ಟೆಗೆ ಹಾಕುವ ಬ್ಲೀಚಿನ ಜಾತಿ. ತುದಿ ತೆರೆದಿರುವುದರಿಂದ ಜೋರಾಗಿ ಒತ್ತಿದರೆ ಎಲುಬಿಗೆ ನುಗ್ಗಿ ಮುಖ ಬಾತುಕೊಳ್ಳುತ್ತದೆ. ಅದಕ್ಕೇ ಶೇಕಡಾ 1.5ರಷ್ಟು ಸಪ್ಪೆ ಮಾಡಿ, ಪಕ್ಕಕ್ಕೆ ತೂತಿರುವ ಸೂಜಿಯಲ್ಲಿ, ತುದಿಗಿಂತ ಹಿಂದೆಯೇ ನಿಲ್ಲಿಸಿ, ಹನಿ ಹನಿಯಾಗಿ ಬಿಟ್ಟೆ. ಆಮೇಲೆ ಸುಣ್ಣ ತುಂಬಿ ತಾತ್ಕಾಲಿಕವಾಗಿ ಮುಚ್ಚಿದೆ. ಎರಡು ವಾರಕ್ಕೆ ಮಾತ್ರ. ಅಷ್ಟಕ್ಕೆ ಸುಣ್ಣದಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎರಡು ವಾರ ಬಿಟ್ಟು ಬಂದರು. ಗುಳ್ಳೆ ಮಾಯ. ಮುತ್ಯಾ ಚೀಲದಲ್ಲಿ ಹಸಿ ತೊಗರಿಕಾಯಿ ತಂದಿದ್ದರು.

ಸಿಮೆಂಟ್ ಕಲಸುವುದು ಗಾಜಿನ ಹಲಗೆಯ ಮೇಲೆ. ಮೂರು ಪಾಲು ಪುಡಿಗೆ ಒಂದು ಪಾಲು ನೀರು. ಹದ ಬಂದಾಗ ಒದ್ದೆ ಉಸುಕಿನ ಹಾಗಿರುತ್ತದೆ. ನೀರು ಜಾಸ್ತಿ ಆದರೆ ಹರಿಯುತ್ತದೆ, ಕಮ್ಮಿ ಆದರೆ ಉದುರುತ್ತದೆ. ಅದನ್ನು ಪಿಚಕಾರಿಯಂಥ ಸಣ್ಣ ಕೊಳವೆಯಲ್ಲಿ ತುಂಬಿ ಹಲ್ಲಿನೊಳಗೆ ಬಿಟ್ಟು, ಮೊಂಡ ತುದಿಯ ಕಡ್ಡಿಯಿಂದ ತಟ್ಟಿ ತಟ್ಟಿ ಇಳಿಸಬೇಕು. ಗೌಂಡಿ ಕೆಲಸವೇ. ಅಳತೆ ಮಾತ್ರ ಅಕ್ಕಿ ಕಾಳಿನದು.

ಮೊದಲ ಸಲ ಕೆಟ್ಟಿತು. ಎಕ್ಸ್‌ರೇ ನೋಡಿದರೆ ಬಿರಡೆ ತುದಿಗೆ ಮುಟ್ಟಿರಲಿಲ್ಲ. ಮೂರು ಮಿಲಿಮೀಟರ್ ಮೇಲೆಯೇ ಸಿಕ್ಕಿಕೊಂಡಿತ್ತು, ಕೆಳಗೆ ಕಪ್ಪು ಗಾಳಿ. ಇರಲಿ ಬಿಡು ಅಂತ ಒಂದು ಕ್ಷಣ ಅನ್ನಿಸಿತು. ಕರೆಂಟ್ ಬೇರೆ ಹೋಗಿ ಇನ್ವರ್ಟರ್ ಕುಂಯ್ ಅನ್ನುತ್ತಿತ್ತು. ಹೊರಗೆ ಮೂವರು ಕಾಯುತ್ತಿದ್ದರು. ಹುಡುಗ ಮಾತ್ರ ರಬ್ಬರ್ ಹಾಳೆಯ ಕೆಳಗೆ ನಿದ್ದೆ ಹೋಗಿದ್ದ. ಗಟ್ಟಿಯಾಗುವ ಮೊದಲು ಸಲೈನಿನಿಂದ ತೊಳೆದರೆ ಎಲ್ಲಾ ಬರುತ್ತದೆ. ತೊಳೆದೆ. ಮತ್ತೆ ಕಲಸಿದೆ. ಈ ಸಲ ನೀರು ತುಸು ಜಾಸ್ತಿ, ತಟ್ಟುವುದು ತುಸು ನಿಧಾನ. ಎರಡನೇ ಎಕ್ಸ್‌ರೇಯಲ್ಲಿ ತುದಿಯಿಂದ ನಾಲ್ಕು ಮಿಲಿಮೀಟರ್ ತನಕ ಬೆಳ್ಳಗೆ ತುಂಬಿತ್ತು. ಒದ್ದೆ ಹತ್ತಿ ಇಟ್ಟು ಮುಚ್ಚಿದೆ.

ಆ ರಾತ್ರಿ ಮುತ್ಯಾ ಮತ್ತು ಮೊಮ್ಮಗ ಊರಿಗೆ ಹೋಗಲಿಲ್ಲ. ಶರಣಬಸವೇಶ್ವರ ಗುಡಿಯ ಹತ್ತಿರ ಬೀಗರ ಮನೆಯಲ್ಲಿ ಉಳಿದರು. ಮರುದಿನ ಬೆಳಿಗ್ಗೆ ಹತ್ತಿ ತೆಗೆದು ಕಡ್ಡಿಯಿಂದ ಕುಟ್ಟಿ ನೋಡಿದೆ. ಟಣ್ ಅಂತು. ಮೇಲೆ ಸ್ವಲ್ಪವೇ ಗಟ್ಟಾಪರ್ಚಾ ತುಂಬಿದೆ. ಉಳಿದದ್ದಕ್ಕೆ ಕಾಂಪೋಸಿಟ್, ಹಲ್ಲಿನ ಬಣ್ಣದ್ದು. ಅದನ್ನು ವಸಡಿನ ಮಟ್ಟಕ್ಕಿಂತ ಒಳಗೆ ಇಳಿಸಿ ಅಂಟಿಸಿದೆ, ಮುರಿಯುವುದು ಅಲ್ಲೇ ಅಲ್ವಾ. ಮುರಿದ ಮೂಲೆಯನ್ನೂ ಅದರಿಂದಲೇ ಕಟ್ಟಿದೆ. ಬೂದಿ ಬಣ್ಣ ಪೂರ್ತಿ ಹೋಗಲಿಲ್ಲ. ಹಳೆ ಎಂಟಿಎಯಲ್ಲಿ ಇರುವ ಬಿಸ್ಮತ್ ಕಪ್ಪಾಗುತ್ತದೆ, ಅದಕ್ಕೇ ನಾನು ಈಗ ಮುಂದಿನ ಹಲ್ಲಿಗೆ ಬಿಸ್ಮತ್ ಇಲ್ಲದ ಬ್ರಾಂಡ್ ಬಳಸುತ್ತೇನೆ. ಆದರೆ ಮೊದಲೇ ಹಿಡಿದ ಬಣ್ಣಕ್ಕೆ ಏನು ಮಾಡುವುದು? ಬಯೋಡೆಂಟಿನ್ ಅಂತ ಇನ್ನೊಂದು ಸಿಮೆಂಟಿದೆ. ಹನ್ನೆರಡು ನಿಮಿಷಕ್ಕೇ ಗಟ್ಟಿಯಾಗುತ್ತದೆ, ಬೀಗರ ಮನೆ ವಾಸ ತಪ್ಪುತ್ತಿತ್ತು. ಆ ವಾರ ಅದು ನನ್ನ ಹತ್ತಿರ ಖಾಲಿಯಾಗಿತ್ತು.

ಹೋಗುವಾಗ ಹೇಳಿದೆ. ಕಬ್ಬು ಮುಂದಿನ ಹಲ್ಲಿನಿಂದ ಸಿಗಿಯಬೇಡ. ಅಡಿಕೆ, ಬಾಟಲಿ ಮುಚ್ಚಳ, ಪೆನ್ಸಿಲ್ ಯಾವುದೂ ಬೇಡ. ಎರಡು ಸಲ ಹೇಳಿದೆ. ಮುತ್ಯಾನಿಂದ ಒಂದು ಸಲ ಹೇಳಿಸಿದೆ. ಚೀಟಿಯಲ್ಲಿ ಬರೆದೂ ಕೊಟ್ಟೆ.

ಮಕ್ಕಳಿರುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಬಿದ್ದು ಹಲ್ಲಿಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಅವತ್ತೇ ತೋರಿಸಿ. ಪೂರ್ತಿ ಕಿತ್ತು ಬಂದದ್ದು ಹಾಲುಹಲ್ಲಲ್ಲ, ಅದು ಬಿದ್ದ ಮೇಲೆ ಬರುವ ದೊಡ್ಡ ಹಲ್ಲಾದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನಲ್ಲಿ ಹಾಕಿ ಅರ್ಧ ಒಂದು ಗಂಟೆಯೊಳಗೆ ಓಡಿ ಬನ್ನಿ. ಹಾಲು ಎಲ್ಲಾ ಮನೆಯಲ್ಲೂ ಇರುತ್ತದೆ. ಹಾಗಂತ ಪೆಟ್ಟು ಬಿದ್ದ ಎಳೆ ಹಲ್ಲನ್ನೆಲ್ಲ ಕೂಡಲೇ ಕೊರೆಯುವುದೂ ಸರಿಯಲ್ಲ. ತುದಿ ಅಗಲ ಇರುವುದರಿಂದ ಎಷ್ಟೋ ಸಲ ರಕ್ತ ತಾನೇ ತಿರುಗಿ ಬರುತ್ತದೆ. ತಣ್ಣನೆ ಮುಟ್ಟಿಸಿ ನೋಡುವ ಪರೀಕ್ಷೆ ಇಂಥ ಹಲ್ಲಿನಲ್ಲಿ ಸುಳ್ಳು ಹೇಳುತ್ತದೆ, ನರ ಇನ್ನೂ ಬಲಿತಿರುವುದಿಲ್ಲ. ಕಾದು ನೋಡೋಣ ಅಂತ ಡಾಕ್ಟರ್ ಅಂದರೆ ಅವರಿಗೆ ಕೆಲಸ ಗೊತ್ತಿಲ್ಲ ಅಂತ ತಿಳಿಯಬೇಡಿ.

ಸಂಕ್ರಾಂತಿ ಹೋಯಿತು. ಅವರು ಬರಲಿಲ್ಲ. ಮುತ್ಯಾನ ಫೋನ್ ಸ್ವಿಚ್ ಆಫ್. ಬೆಂಗಳೂರಿಗೆ ಹೋಗಿರಬೇಕು ಅಂದುಕೊಂಡೆ.

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತು. ಜಾತ್ರೆಯ ವಾರ ನನ್ನ ಕ್ಲಿನಿಕ್ಕಿಗೆ ಜನ ಜಾಸ್ತಿ, ಊರಿಂದ ತೇರಿಗೆ ಬಂದವರು ಹಾಗೇ ಹಲ್ಲನ್ನೂ ತೋರಿಸಿ ಹೋಗುತ್ತಾರೆ. ಸಂಜೆ ಐದರ ಹೊತ್ತಿಗೆ ಆ ಹುಡುಗ ಒಳಗೆ ಬಂದ. ಈ ಸಲ ಬಾಯಿ ತೆರೆದೇ ಇತ್ತು, ಬತ್ತಾಸು ತಿನ್ನುತ್ತಿದ್ದ. ಹಿಂದೆ ಮುತ್ಯಾ. ಜೊತೆಗೆ ಬಿಸಿಲಿಗೆ ಸುಟ್ಟ ಒಬ್ಬ ಗಟ್ಟಿ ಆಳು. ಕೈಬೆರಳಿನ ಸಂದಿಯಲ್ಲಿ ಸಿಮೆಂಟು ತಿಂದ ಬಿಳಿ ಗಾಯಗಳು. ಫೋನಿನಲ್ಲಿ ಕ್ಯೂರಿಂಗ್ ಕೇಳಿದವನು.

ಎಕ್ಸ್‌ರೇ ತೆಗೆದೆ. ತುದಿಯ ಕಪ್ಪು ನೆರಳು ಅರ್ಧಕ್ಕಿಂತ ಸಣ್ಣದಾಗಿತ್ತು. ಎಲುಬಿನ ಸಣ್ಣ ಸಣ್ಣ ಗೆರೆಗಳು ಒಳಗೆ ಬರತೊಡಗಿದ್ದವು. ಅವನು ಪರದೆಯ ಹತ್ತಿರ ಬಗ್ಗಿ ಆ ಬಿಳಿ ಬಿರಡೆಯನ್ನೇ ನೋಡಿದ.

“ಬಿರುಕು ಬಿಟ್ಟಿಲ್ಲ,” ಅಂದ.

“ಇಲ್ಲ.”

“ನೀವೇ ಕಲಸಿದ್ದೇನ್ರಿ?”

“ಎರಡು ಸಲ.”

ಅವನು ತಲೆ ಆಡಿಸಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಅವರ ಮನೆಯ ಮುಂದಿನ ಪರ್ಸಿ ಮೆಟ್ಟಿಲು. ಮೂರು ಮೆಟ್ಟಿಲಿಗೂ ಉಳಿ ಹೊಡೆದು, ಅಡ್ಡಡ್ಡ ಗೆರೆ ಎಬ್ಬಿಸಿ, ಬೀಸುವ ಕಲ್ಲಿನ ಹಾಗೆ ಒರಟು ಮಾಡಿದ್ದ.

“ಊರಿಗೆ ಬಂದ ದಿನಾನೇ ಮಾಡೀನ್ರಿ ಮೇಡಂ. ನಮ್ಮಪ್ಪ ಬೈತಾನ, ಚಂದನ್ನ ಕಲ್ಲು ಹಾಳು ಮಾಡಿದಿ ಅಂತ.”

ಮುತ್ಯಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಯುಗಾದಿ ಮುಗಿಸಿ ಬೆಂಗಳೂರಿಗೆ ಹೋಗುವ ಮುಂಚೆ ಇನ್ನೊಂದು ಸಲ ತೋರಿಸಿ ಹೋಗಿ ಅಂತ ಚೀಟಿಯ ಮೇಲೆ ತಾರೀಖು ಬರೆದು ಹುಡುಗನ ಕೈಗೆ ಕೊಟ್ಟೆ. ಅವನು ಅದನ್ನು ಬತ್ತಾಸಿನ ಪುಡಿಕೆಯೊಳಗೆ ತುರುಕಿಕೊಂಡ.